ಬೆಂಕಿಗೆ ಹಾಕುವ ಮುನ್ನ ಗ್ರಾಮಸಭೆಯನ್ನು ಕೇಳಬೇಕು

ಹುಬ್ಬಳ್ಳಿ-ಧಾರವಾಡದ ಕಸಕ್ಕೆ ಒಂದು ಕಾಲದಲ್ಲಿ ಬೆಲೆಯಿತ್ತು. ಬೀದಿಯ ಕಸವನ್ನು ಊರ ಹೊರಗಿನ ಗುಂಡಿಗಳಲ್ಲಿ ತುಂಬಿ, ಅದು ಮಾಗಿದ ಮೇಲೆ ನಗರಾಡಳಿತವೇ ಹರಾಜು ಹಾಕುತ್ತಿತ್ತು. ಸುತ್ತಲಿನ ಹಳ್ಳಿಗಳ ರೈತರು ಅದನ್ನು ಕೊಂಡು ಹೊಲಗಳಿಗೆ ಸಾಗಿಸುತ್ತಿದ್ದರು. ಕಸದಲ್ಲಿ ಪ್ಲಾಸ್ಟಿಕ್ಕು, ಗಾಜಿನ ಚೂರು, ಆಸ್ಪತ್ರೆಯ ಸೂಜಿ ಸೇರತೊಡಗಿದಂತೆ ಆ ವ್ಯವಹಾರ ಕುಸಿಯಿತು. ಬರಿಗಾಲಿನಲ್ಲಿ ಕುಂಟೆ ಹೊಡೆಯುವವನು ಗಾಜು ಬೆರೆತ ಗೊಬ್ಬರವನ್ನು ಏಕೆ ಕೊಂಡಾನು? ರೈತನು ಹಣ ಕೊಟ್ಟು ಒಯ್ಯುತ್ತಿದ್ದ ಪದಾರ್ಥವನ್ನು ಈಗ ಹಣ ಕೊಟ್ಟು ಒಯ್ಯಿಸಬೇಕಾಗಿದೆ. ಒಯ್ದುದನ್ನು ಸುಡುವುದಕ್ಕೆ ಮತ್ತಷ್ಟು ಹಣ ತೊಡಗಿಸುವ ಯೋಜನೆಗಳೂ ಅಭಿವೃದ್ಧಿಯ ಹೆಸರಿನಲ್ಲಿ ಬರುತ್ತಿವೆ.

'ತ್ಯಾಜ್ಯದಿಂದ ವಿದ್ಯುತ್' ಎಂಬ ಮಾತು ಕಿವಿಗೆ ಹಿತವಾಗಿದೆ. ಕಸವೂ ಹೋಯಿತು, ದೀಪವೂ ಉರಿಯಿತು ಎಂಬ ಭಾವನೆಯನ್ನು ಅದು ಮೂಡಿಸುತ್ತದೆ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಮರುಬಳಕೆಗೆ ಒದಗದ ಹಾಗೂ ಕಿಲೋಗ್ರಾಂಗೆ 1500 ಕಿಲೋಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖಮೌಲ್ಯವುಳ್ಳ ಕಸವನ್ನು ಭೂಭರ್ತಿಗೆ ಹಾಕದೆ ಶಕ್ತಿ ಉತ್ಪಾದನೆಗೆ ಬಳಸಬೇಕೆಂದು ವಿಧಿಸಿದವು. ಕುಲುಮೆಗಳ ಪರವಾದ ವಾದಕ್ಕೆ ಅದೇ ಆಧಾರವಾಯಿತು. ಅದೇ ನಿಯಮಗಳಲ್ಲಿ ಬೆಟ್ಟಪ್ರದೇಶಗಳ ಕುರಿತು ಬೇರೊಂದು ಕಲಮಿತ್ತು. ಬೆಟ್ಟದ ಮೇಲೆ ಭೂಭರ್ತಿ ತಾಣ ಕೂಡದು, ಕೆಳಗಿನ ಬಯಲಿನಲ್ಲಿ 25 ಕಿಲೋಮೀಟರಿನೊಳಗೆ ಜಾಗ ಹುಡುಕಬೇಕು ಎಂದು ಅದು ಹೇಳುತ್ತಿತ್ತು. ಬೆಟ್ಟದ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಬೆಟ್ಟದ ಬುಡದಲ್ಲಿಯೂ ಊರುಗಳಿವೆ ಎಂಬುದನ್ನು ನಿಯಮ ಬರೆದವರು ಅಷ್ಟಾಗಿ ನೆನೆದಂತಿಲ್ಲ. ಈಗ ಆ ನಿಯಮಗಳ ಸ್ಥಾನದಲ್ಲಿ 2026ರ ನಿಯಮಗಳು ಬಂದಿವೆ. ಅವುಗಳ ಜಾರಿಗೆ ಗೊತ್ತುಪಡಿಸಿದ ದಿನ 2026ರ ಏಪ್ರಿಲ್ 1. ಹಸಿ, ಒಣ, ನೈರ್ಮಲ್ಯ ಸಂಬಂಧಿ ಮತ್ತು ವಿಶೇಷ ಎಚ್ಚರಿಕೆಯ ಕಸ ಎಂದು ಮನೆಯಲ್ಲಿಯೇ ನಾಲ್ಕು ಬಗೆಯಾಗಿ ಬೇರ್ಪಡಿಸಬೇಕೆಂದು ಅವು ಹೇಳುತ್ತವೆ. ಕಾಗದದ ಮೇಲೆ ಇದು ಮುನ್ನಡೆಯೇ ಸರಿ. ನಿಜವಾಗಿ ಬೇರ್ಪಡಿಸಿದ ಮೇಲೆ ಸುಡಲು ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಯೋಜನಾ ವರದಿಗಳಲ್ಲಿ ಕಾಣುವುದು ಅಪರೂಪ.

ಆ ಲೆಕ್ಕವನ್ನು ರೈತನೂ ಮಾಡಬಲ್ಲ. ಹಸಿ ಕಟ್ಟಿಗೆ ಏಕೆ ಉರಿಯುವುದಿಲ್ಲ ಎಂಬುದು ಒಲೆ ಊದಿದ ಪ್ರತಿಯೊಬ್ಬ ತಾಯಿಗೂ ಗೊತ್ತು. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 600 ಕಿಲೋಕ್ಯಾಲೊರಿ ಶಾಖ ಬೇಕು. ಭಾರತದ ಪಟ್ಟಣಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆಯ, ತರಕಾರಿ ಸಂತೆಯ ಹಸಿ ಪದಾರ್ಥ. ಒಂದು ಕಿಲೋ ಕಸದಲ್ಲಿ ಅರ್ಧ ಕಿಲೋ ನೀರಿದ್ದರೆ, ಬೆಂಕಿಯ ಮೊದಲ 300 ಕಿಲೋಕ್ಯಾಲೊರಿ ಆ ನೀರನ್ನು ಓಡಿಸುವುದಕ್ಕೇ ವ್ಯಯವಾಗುತ್ತದೆ. ಉಳಿದುದರಲ್ಲಿ ರಸ್ತೆ ಗುಡಿಸಿದ ಮಣ್ಣು, ಒಡೆದ ಇಟ್ಟಿಗೆ, ಚರಂಡಿಯ ಹೂಳು ಸೇರಿರುತ್ತವೆ; ಮಣ್ಣು ಉರಿಯುವುದಿಲ್ಲ. ಹಾಗಾದರೆ ಕುಲುಮೆಯಲ್ಲಿ ನಿಜವಾಗಿ ಉರಿಯುವುದು ಯಾವುದು? ಪ್ಲಾಸ್ಟಿಕ್ಕು, ರಟ್ಟು, ಬಟ್ಟೆ, ರಬ್ಬರು. ಪಾಲಿಥಿನ್ನಿನ ಶಾಖಮೌಲ್ಯ ಕಿಲೋಗೆ 10,000 ಕಿಲೋಕ್ಯಾಲೊರಿಯ ಆಸುಪಾಸಿನದು. ಕಸ ಸುಡುವ ಘಟಕವೆಂದರೆ ಬಹುಮಟ್ಟಿಗೆ ಪ್ಲಾಸ್ಟಿಕ್ ಸುಡುವ ಘಟಕ. ಪ್ಲಾಸ್ಟಿಕ್ಕು ಪೆಟ್ರೋಲಿಯಮ್ಮಿನ ಮಗು. ಅದರ ಹೊಗೆಗೆ ಹಸಿರು ವಿದ್ಯುತ್ತೆಂಬ ಹೆಸರು ಸಲ್ಲದು.

ಈ ಪಾಠ ಹೊಸದೇನೂ ಅಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ದಿನಕ್ಕೆ 300 ಟನ್ ಕಸ ಸುಡುವ ಘಟಕವನ್ನು ಕಟ್ಟಲಾಯಿತು. ಅದು ನಡೆದದ್ದು ಕೇವಲ 21 ದಿನ. ವಿನ್ಯಾಸಕಾರರು ಎಣಿಸಿದ್ದ ಶಾಖದ ಅರ್ಧದಷ್ಟು ಮಾತ್ರ ದೆಹಲಿಯ ಕಸದಲ್ಲಿತ್ತು. ಅಷ್ಟಾದರೂ ರಾಜಧಾನಿ ಆ ಹಾದಿಯನ್ನು ಬಿಡಲಿಲ್ಲ. ಓಖ್ಲಾದಲ್ಲಿ ಜನವಸತಿಯ ಮಗ್ಗುಲಿನಲ್ಲಿಯೇ 2012ರಲ್ಲಿ ಮತ್ತೊಂದು ಘಟಕ ಆರಂಭವಾಯಿತು. ನಿವಾಸಿಗಳು ಅದಕ್ಕೆ ಮೊದಲೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಘಟಕಕ್ಕೆ 25 ಲಕ್ಷ ರೂಪಾಯಿ ದಂಡ ವಿಧಿಸಿತು, ನಡೆಸಲೂ ಅನುಮತಿಸಿತು. ಒಮ್ಮೆ ಹೊತ್ತಿದ ಕುಲುಮೆಯನ್ನು ಆರಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕರ್ನಾಟಕದಲ್ಲಿ ಬಿಡದಿಯ ಘಟಕವಿದೆ. ಕರ್ನಾಟಕ ವಿದ್ಯುತ್ ನಿಗಮ ಮತ್ತು ಬೆಂಗಳೂರು ಮಹಾನಗರ ಪಾಲಿಕೆಗಳ ಜಂಟಿ ಯೋಜನೆಯಾದ ಇದಕ್ಕೆ 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ದಿನಕ್ಕೆ 600 ಟನ್ ಕಸ, 11.5 ಮೆಗಾವ್ಯಾಟ್ ವಿದ್ಯುತ್ ಎಂಬುದು ಅದರ ಉದ್ದೇಶಿತ ಸಾಮರ್ಥ್ಯ. ಈ ಎರಡು ಅಂಕಿಗಳನ್ನು ಮಲಪ್ರಭೆಯ ಕಣಿವೆಗೆ ತಂದು ನೋಡಬೇಕು. ಮೂವತ್ತೈದು ಸಾವಿರ ಜನರಿರುವ ಸಣ್ಣ ಪಟ್ಟಣದಲ್ಲಿ ತಲೆಗೆ 300 ಗ್ರಾಂನಂತೆ ಹಿಡಿದರೂ ದಿನದ ಕಸ ಹತ್ತೂವರೆ ಟನ್ ಮೀರದು. ಬಿಡದಿಯಷ್ಟು ದೊಡ್ಡ ಕುಲುಮೆಯ ಹೊಟ್ಟೆ ತುಂಬಲು ಅಂಥ ಐವತ್ತೇಳು ಪಟ್ಟಣಗಳು ಬೇಕು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಕಸವನ್ನೆಲ್ಲ ಕೂಡಿಸಿದರೂ ಅದು ಅರೆಹೊಟ್ಟೆಯಲ್ಲಿಯೇ ಇರುತ್ತದೆ. ಹಾಗಾಗಿ ಇಂಥ ಘಟಕವೊಂದು ಗ್ರಾಮೀಣ ತಾಲ್ಲೂಕಿಗೆ ಬರುವುದಾದರೆ ಅದು ಆ ತಾಲ್ಲೂಕಿನ ಕಸಕ್ಕಾಗಿ ಬರುವುದಿಲ್ಲ. ದೂರದ ನಗರದ ಕಸವನ್ನು ಹೊತ್ತ ಲಾರಿಗಳೊಡನೆ ಬರುತ್ತದೆ. ಸಣ್ಣದಾಗಿ ಕಟ್ಟೋಣವೆಂದರೆ ಹೊಗೆ ಶುದ್ಧಿಯ ಸಲಕರಣೆಯ ವೆಚ್ಚ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕೈಬಿಡಲು ಮೊದಲು ಮನಸ್ಸಾಗುವುದು ಆ ಸಲಕರಣೆಯನ್ನೇ.

ಇನ್ನು ದರ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2015ರಲ್ಲಿ ಕಸದ ವಿದ್ಯುತ್ತಿಗೆ ಯೂನಿಟ್ಟಿಗೆ ಏಳು ರೂಪಾಯಿ ಮೀರಿದ ದರವನ್ನು ಗೊತ್ತುಪಡಿಸಿತ್ತು. ಸೌರವಿದ್ಯುತ್ತು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವ ಕಾಲವಿದು. ಇದರ ಮೇಲೆ, ದಿನಕ್ಕೆ ಇಷ್ಟು ಟನ್ ಕಸವನ್ನು ಒದಗಿಸಿಯೇ ತೀರುತ್ತೇವೆಂದು ಸ್ಥಳೀಯ ಸಂಸ್ಥೆ ಹಲವು ವರ್ಷಗಳಿಗೆ ಬರೆದುಕೊಡಬೇಕಾದ ಕರಾರುಗಳು ಈ ಉದ್ಯಮದಲ್ಲಿ ಸಾಮಾನ್ಯ. ಕಸ ಕಡಿಮೆ ಮಾಡಿದ ಊರಿಗೆ ದಂಡ ಬೀಳುವ ವಿಚಿತ್ರ ಏರ್ಪಾಡು ಇದು. ಆಯುವವರ ಜೋಳಿಗೆಗೆ ಹೋಗಬೇಕಾದ ರಟ್ಟು, ಬಾಟಲಿ ಕುಲುಮೆಗೆ ಹೋಗುತ್ತವೆ. ಅದರಿಂದ ಹೊಟ್ಟೆ ಹೊರೆಯುತ್ತಿದ್ದ ಬಡವರ ಹೆಸರು ಯಾವ ಯೋಜನಾ ವರದಿಯ ಖರ್ಚಿನ ಅಂಕಣದಲ್ಲಿಯೂ ಬರುವುದಿಲ್ಲ.

ಆರೋಗ್ಯದ ಮಾತು ಬಂದಾಗ ಅಧಿಕಾರಿಗಳು ಚಿಮಣಿಯ ಎತ್ತರವನ್ನು ತೋರಿಸುತ್ತಾರೆ. ರೈತ ನೋಡಬೇಕಾದದ್ದು ಹಸುವಿನ ಕೆಚ್ಚಲನ್ನು. ಕ್ಲೋರಿನ್ ಇರುವ ಪದಾರ್ಥ ಉರಿದಾಗ, ವಿಶೇಷವಾಗಿ ಹೊಗೆಯು 450ರಿಂದ 200 ಡಿಗ್ರಿ ಸೆಲ್ಸಿಯಸ್ಸಿಗೆ ತಣಿಯುವ ಹಾದಿಯಲ್ಲಿ, ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಕುಲುಮೆ 850 ಡಿಗ್ರಿಯ ಮೇಲಿದ್ದರೂ ತಣಿಯುವಾಗ ಅವು ಮತ್ತೆ ಕೂಡಿಕೊಳ್ಳಬಲ್ಲವು. 2016ರ ನಿಯಮಗಳು ಇವುಗಳಿಗೆ ವಿಧಿಸಿದ ಮಿತಿ ಒಂದು ಘನ ಮೀಟರ್ ಹೊಗೆಯಲ್ಲಿ 0.1 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವನ್ನು ಚಿಮಣಿಗೆ ಕಟ್ಟಿದ ದೈನಂದಿನ ಮಾಪಕಗಳು ಅಳೆಯಲಾರವು. ಮಾದರಿ ತೆಗೆದು ವಿಶೇಷ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹೀಗಾಗಿ ವರ್ಷದ ಬಹುತೇಕ ದಿನಗಳಲ್ಲಿ ಚಿಮಣಿಯಿಂದ ಏನು ಹೋಯಿತೆಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಗಾಳಿಯಲ್ಲಿ ಹೋದದ್ದು ಹುಲ್ಲಿನ ಮೇಲೆ ಇಳಿಯುತ್ತದೆ, ಹುಲ್ಲಿನಿಂದ ಎಮ್ಮೆಗೆ, ಎಮ್ಮೆಯಿಂದ ಬೆಣ್ಣೆಗೆ. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದು ಇವುಗಳ ಗುಣ. ಮನುಷ್ಯನ ದೇಹ ಸೇರಿದರೆ ಪ್ರಮಾಣ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನುಷ್ಯರಿಗೆ ತಗಲುವ ಡಯಾಕ್ಸಿನ್ನಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಆಹಾರದಿಂದ, ಮುಖ್ಯವಾಗಿ ಹಾಲು, ಮಾಂಸ, ಮೀನುಗಳಿಂದ ಬರುತ್ತದೆ ಎಂಬುದೂ ಅದೇ ಸಂಸ್ಥೆಯ ಮಾತು.

ಬೆಟ್ಟದ ಜನ ವಿಶೇಷವಾಗಿ ನೆನಪಿಡಬೇಕಾದ ಊರು ಫ್ರಾನ್ಸಿನ ಆಲ್ಪ್ಸ್ ಕಣಿವೆಯ ಝೀಲಿ-ಸೂರ್-ಈಜೇರ್. ಆ ಕಣಿವೆ ಹೈನಿಗೆ ಹೆಸರುವಾಸಿ. ಅಲ್ಲಿನ ಕಸ ಸುಡುವ ಘಟಕದ ಸುತ್ತಲಿನ ಹಾಲಿನಲ್ಲಿ ಡಯಾಕ್ಸಿನ್ ಮಿತಿ ಮೀರಿರುವುದು ಪತ್ತೆಯಾಗಿ, 2001ರ ಅಕ್ಟೋಬರಿನಲ್ಲಿ ಘಟಕವನ್ನು ಮುಚ್ಚಿದರು. ಸಾವಿರಾರು ಜಾನುವಾರುಗಳನ್ನು ಕೊಲ್ಲಬೇಕಾಯಿತು, ಹಾಲು ಮತ್ತು ಗಿಣ್ಣನ್ನು ನಾಶಪಡಿಸಬೇಕಾಯಿತು. ಅದಕ್ಕೂ ಮುನ್ನ 1989ರಲ್ಲಿ ನೆದರ್‌ಲ್ಯಾಂಡಿನ ರಾಟರ್‌ಡ್ಯಾಂ ಬಳಿ ಹಸುಗಳ ಹಾಲಿಗೆ ಇದೇ ಗತಿ ಬಂದಿತ್ತು. ಕಣಿವೆಯಲ್ಲಿ ಹೊಗೆಯ ನಡತೆ ಬಯಲಿನಂತಿರುವುದಿಲ್ಲ. ಚಳಿಗಾಲದ ರಾತ್ರಿ ತಂಪು ಗಾಳಿ ಇಳಿದು ತಗ್ಗಿನಲ್ಲಿ ಕೂಡುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬೆಳಗಿನವರೆಗೆ ಹೊಗೆ ಮೇಲೇಳದು. ಸುರೇಬಾನದ ಶಬರಿಕೊಳ್ಳದ ಕಡೆ ಬೆಳಗಿನ ಹೊತ್ತು ನಡೆದುಹೋಗುವವರಿಗೆ, ದೂರದ ಹೊಲದಲ್ಲಿ ಕಬ್ಬಿನ ರವದಿ ಸುಟ್ಟ ವಾಸನೆ ಬಿಸಿಲೇರುವ ತನಕ ತಗ್ಗಿನಲ್ಲಿ ನಿಲ್ಲುವುದು ಹೊಸ ಸಂಗತಿಯಲ್ಲ.

ರವದಿಯ ಮಾತು ಬಂದಿತು. ಇಲ್ಲಿ ವಿರೋಧಿಸುವವರು ತಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆಚ್ಚಿಬೀಳಿಸುವಂಥದು. ಹಿತ್ತಲಿನ ಪೀಪಾಯಿಯಲ್ಲಿ ಕಸ ಸುಡುವ ಎರಡರಿಂದ ನಲವತ್ತು ಮನೆಗಳು ಸೇರಿದರೆ, ದಿನಕ್ಕೆ 200 ಟನ್ ಸುಡುವ, ಹೊಗೆಶುದ್ಧಿ ಚೆನ್ನಾಗಿರುವ ಆಧುನಿಕ ಘಟಕದಷ್ಟು ಡಯಾಕ್ಸಿನ್ ಹೊರಬೀಳಬಲ್ಲದೆಂದು ಅದು ಕಂಡುಕೊಂಡಿತು. ಅಂದರೆ ಬಸ್‌ ನಿಲ್ದಾಣದ ಹಿಂದೆ, ಸಂತೆ ಮೈದಾನದ ಮೂಲೆಯಲ್ಲಿ, ಯಲ್ಲಮ್ಮನ ಗುಡ್ಡದ ಅಥವಾ ಗೊಡಚಿಯ ಜಾತ್ರೆ ಮುಗಿದ ಮರುದಿನ ರಾಶಿಗೆ ಬೆಂಕಿ ಇಟ್ಟರೆ, ಅದೂ ಕುಲುಮೆಯೇ, ಚಿಮಣಿಯಿಲ್ಲದ ಕುಲುಮೆ. ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರ ಆದೇಶದಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಸುಡುವಿಕೆಗೆ 5,000, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಆದರೂ ಬೆಂಕಿಪೊಟ್ಟಣವೇ ಬಹುತೇಕ ಊರುಗಳ ಪೌರಾಡಳಿತ. ಘಟಕದ ಪರವಾಗಿ ವಾದಿಸುವವರು ಇದನ್ನೇ ಎತ್ತಿ ತೋರಿಸುತ್ತಾರೆ: ಹೇಗೂ ಸುಡುತ್ತೀರಿ, ಶಿಸ್ತಾಗಿ ಸುಡೋಣ ಎಂದು. ಈ ವಾದಕ್ಕೆ ಇರುವ ಉತ್ತರ ಒಂದೇ, ಸುಡುವುದನ್ನು ನಿಲ್ಲಿಸಿ ತೋರಿಸುವುದು. ಅದಿಲ್ಲದ ಚಳವಳಿಗೆ ಅರ್ಧ ಬಲ ಮಾತ್ರ.

ಊರಿನವರು ತಡೆದರೆ 'ನಮ್ಮೂರಲ್ಲಿ ಬೇಡ, ಬೇರೆಲ್ಲಾದರೂ ಹಾಕಿ ಎನ್ನುವ ಸ್ವಾರ್ಥಿಗಳು' ಎಂಬ ಟೀಕೆ ಬರುತ್ತದೆ. ಬೆಂಗಳೂರಿನ ಚರಿತ್ರೆ ಅದಕ್ಕೆ ಉತ್ತರ ಕೊಟ್ಟಿದೆ. ಮಾವಳ್ಳಿಪುರದ ಜನರ ಹೋರಾಟದಿಂದ 2012ರ ಜುಲೈಯಲ್ಲಿ ಅಲ್ಲಿನ ಭೂಭರ್ತಿ ತಾಣ ಮುಚ್ಚಿತು. ನಗರ ಕಸದಲ್ಲಿ ಮುಳುಗಿತು. ಅದೇ ವರ್ಷ ಅಲ್ಲಿ ಮೂಲದಲ್ಲಿಯೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಮಂಡೂರಿನಲ್ಲಿಯೂ ಕಸದಿಂದ ವಿದ್ಯುತ್ತಿನ ಭರವಸೆ ಇತ್ತು. ವಿದ್ಯುತ್ತು ಬರಲಿಲ್ಲ, ಕಸದ ಗುಡ್ಡ ಉಳಿಯಿತು. 2014ರ ಬೇಸಿಗೆಯ ಕೊನೆಗೆ ಹಳ್ಳಿಗರು ಲಾರಿಗಳನ್ನು ತಡೆದು ಕುಳಿತ ಮೇಲೆಯೇ, ಆ ವರ್ಷದ ಡಿಸೆಂಬರ್ ಒಂದರಿಂದ ಅಲ್ಲಿಗೆ ಕಸ ಕಳುಹಿಸುವುದಿಲ್ಲವೆಂಬ ಮಾತು ಸರ್ಕಾರದಿಂದ ಬಂದಿತು. ರಾಜಧಾನಿಗೆ ಕಸ ಬೇರ್ಪಡಿಸಲು ಕಲಿಸಿದವರು ತಜ್ಞರಿಗಿಂತ ಹೆಚ್ಚಾಗಿ ಈ ಎರಡು ಹಳ್ಳಿಗಳವರು. ತಡೆಯುವವರಿಲ್ಲದ ಕಡೆ ಏನಾಗುತ್ತದೆಂಬುದು ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟಿನ ಮಳೆಯಲ್ಲಿ ಕಂಡಿತು. ಕಸದ ರಾಶಿ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ನುಂಗಿತು, ಕುಟುಂಬಗಳು ಮನೆ ಬಿಟ್ಟವು. ಬೆಳಗಾವಿ ನಗರದ ಕಸವನ್ನು ಹೊರುವ ತುರಮುರಿಯವರಿಗೆ ಈ ಸಂಗತಿಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೇರೆ ದಾರಿ ಇಲ್ಲವೆಂಬುದು ನಿಜವಲ್ಲ. ಕೇರಳದ ಆಲಪ್ಪುಳದಲ್ಲಿ, ಪಟ್ಟಣದ ಕಸ ಬೀಳುತ್ತಿದ್ದ ಸರ್ವೋದಯಪುರಂ ಗ್ರಾಮದವರು ತಿರುಗಿಬಿದ್ದ ಮೇಲೆ, 2012ರಿಂದ ಮನೆಮನೆಯ ಜೈವಿಕ ಅನಿಲ ಮತ್ತು ಓಣಿಯ ಗೊಬ್ಬರ ತೊಟ್ಟಿಗಳ ವ್ಯವಸ್ಥೆ ಬೆಳೆಯಿತು. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಮಹಾರಾಷ್ಟ್ರದ ವೆಂಗುರ್ಲಾ ಪುರಸಭೆ ಕಸವನ್ನು ಇಪ್ಪತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿ, ಹಳೆಯ ತಿಪ್ಪೆಯ ಜಾಗವನ್ನು ಉದ್ಯಾನವಾಗಿಸಿದೆ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯತಿ ತನ್ನ ಕಸವನ್ನು ತಾನೇ ಬೇರ್ಪಡಿಸಿ ಮಾರಿ ರಾಜ್ಯಕ್ಕೆ ಮಾದರಿಯಾಯಿತು. ಅದೇ ಜಿಲ್ಲೆಯ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣಕಸವನ್ನು ವಿಂಗಡಿಸಿ ಮರುಬಳಕೆಗೆ ಕಳುಹಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಕೇಂದ್ರ ನಡೆಯುತ್ತಿದೆ. ಕರಾವಳಿಯವರು ಓದಿದವರು, ಅವರಿಗೆ ಸಾಧ್ಯ ಎಂಬ ಮಾತು ಬಯಲುಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ. ಸಗಣಿ, ಗಂಜಲ, ಕಸಕಡ್ಡಿಯನ್ನು ತಿಪ್ಪೆಯಲ್ಲಿ ಮಾಗಿಸಿ ಹೊಲಕ್ಕೆ ಹಾಕುವ ವಿದ್ಯೆಯನ್ನು ಈ ಸೀಮೆ ಯಾವ ಶಾಲೆಯಲ್ಲಿ ಕಲಿತಿತು?

ಹತ್ತು ಸಾವಿರ ಜನರ ಹಳ್ಳಿಯಲ್ಲಿ ತಲೆಗೆ 200 ಗ್ರಾಂ ಹಿಡಿದರೆ ದಿನಕ್ಕೆ ಎರಡು ಟನ್ ಕಸ. ಅದರಲ್ಲಿ ಒಂದು ಟನ್ನಿಗೂ ಹೆಚ್ಚು ಹಸಿ ಪದಾರ್ಥ. ಮಾಗಿದರೆ ಕಾಲುಭಾಗದಷ್ಟು ಗೊಬ್ಬರ. ವರ್ಷಕ್ಕೆ ಸುಮಾರು ನೂರು ಟನ್. ಎಕರೆಗೆ ಎರಡು ಟನ್ನಿನಂತೆ ಐವತ್ತು ಎಕರೆಗೆ ಸಾಲುತ್ತದೆ. ಇದರಿಂದ ಊರಿನ ಕೃಷಿಯೇ ಉದ್ಧಾರವಾಗುತ್ತದೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಆದರೆ ವರ್ಷಗಟ್ಟಲೆ ಯೂರಿಯಾ ಉಂಡು ಸಾವಯವ ಇಂಗಾಲ ಕಳೆದುಕೊಂಡ ಎರೆ ಮಣ್ಣಿಗೆ, ಮಳೆಯ ತೇವವನ್ನು ನಾಲ್ಕು ದಿನ ಹೆಚ್ಚು ಹಿಡಿದಿಡಲಾರದ ಮಸಾರಿಗೆ, ಇದು ಬೂದಿಗಿಂತ ಮೇಲು. ಬೂದಿಯೂ ಕಡಿಮೆಯೇನಲ್ಲ. ಸುಟ್ಟ ಕಸದ ತೂಕದಲ್ಲಿ ಐದನೆಯ ಒಂದು ಪಾಲಾದರೂ ಬೂದಿಯಾಗಿ ಉಳಿಯುತ್ತದೆ, ಅದರಲ್ಲಿ ಸೀಸ, ಕ್ಯಾಡ್ಮಿಯಂ ಸಾಂದ್ರಗೊಂಡಿರುತ್ತವೆ. 600 ಟನ್ನಿನ ಘಟಕವೆಂದರೆ ದಿನಕ್ಕೆ 120 ಟನ್ ಬೂದಿಗೆ ಮತ್ತೆ ಭೂಮಿ ಹುಡುಕಬೇಕು. ಕೇಂದ್ರ ಸರ್ಕಾರ 2016ರಲ್ಲಿ ನಗರ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತ್ತು. ಕರ್ನಾಟಕವಂತೂ 1975ರಲ್ಲಿಯೇ ಗೊಬ್ಬರಕ್ಕಾಗಿ ಪ್ರತ್ಯೇಕ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದ ರಾಜ್ಯ. ದಾರಿ ಗೊತ್ತಿದ್ದ ರಾಜ್ಯವೇ ದಾರಿ ತಪ್ಪುತ್ತಿರುವುದು ಸೋಜಿಗ.

ಹಾಗಾದರೆ ಹಳ್ಳಿಗರ ಕೈಯಲ್ಲಿ ಏನಿದೆ? ಕಾನೂನು ದಿನದಿನಕ್ಕೆ ಸಡಿಲವಾಗುತ್ತಿದೆಯೆಂಬುದನ್ನು ಮೊದಲು ಅರಿಯಬೇಕು. 15 ಮೆಗಾವ್ಯಾಟ್‌ಗಿಂತ ಚಿಕ್ಕದಾದ ಕಸದ ವಿದ್ಯುತ್ ಘಟಕಗಳನ್ನು ಪರಿಸರ ಪರಿಣಾಮ ಅಧಿಸೂಚನೆಯ ಉಷ್ಣವಿದ್ಯುತ್ ಬಾಬಿನಿಂದ ಹೊರಗಿಡಲಾಗಿದೆ. ಬಿಡದಿಯ ಹನ್ನೊಂದೂವರೆ ಎಂಬ ಅಂಕಿಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. 2025ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 'ಅತ್ಯಗತ್ಯ ಪರಿಸರ ಸೇವೆ'ಗಳಿಗೆಂದು ನೀಲಿ ಎಂಬ ಹೊಸ ವರ್ಗವನ್ನು ಸೃಷ್ಟಿಸಿ, ಅದುವರೆಗೆ ಕೆಂಪು ವರ್ಗದಲ್ಲಿದ್ದ ಇಂಥ ಘಟಕಗಳನ್ನು ಅದರೊಳಗೆ ಸೇರಿಸಿತು. ಬಣ್ಣ ಬದಲಾಯಿತು, ಹೊಗೆ ಬದಲಾಗಲಿಲ್ಲ. ಇಷ್ಟಾದರೂ ಪಂಚಾಯತಿಯ ಬಳಿ ಬಲವಿಲ್ಲವೆಂದಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮದ ಎಲ್ಲೆಯಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಸ್ಥಾಪಿಸಲು ಪಂಚಾಯತಿಯ ಅನುಮತಿ ಬೇಕು. ಗ್ರಾಮದ ಯೋಜನೆ ಗ್ರಾಮಸಭೆಯಲ್ಲಿ ಹುಟ್ಟಿ ಜಿಲ್ಲಾ ಯೋಜನಾ ಸಮಿತಿಗೆ ಹೋಗಬೇಕೆಂಬುದು ಸಂವಿಧಾನದ ಆಶಯ. ಘಟಕ ಬಂದ ಮೇಲೆ ರಸ್ತೆಗಿಳಿಯುವುದಕ್ಕಿಂತ, ಬರುವ ಮೊದಲೇ 'ಈ ಎಲ್ಲೆಯಲ್ಲಿ ಕಸ ಸುಡುವ ಯಾವ ಘಟಕಕ್ಕೂ ಜಾಗವಿಲ್ಲ, ಹೊರಗಿನ ಬೆರಕೆ ಕಸಕ್ಕೆ ಪ್ರವೇಶವಿಲ್ಲ' ಎಂದು ಯೋಜನೆಯಲ್ಲಿಯೇ ಬರೆಸಿಡುವುದು ಜಾಣತನ. ಫಿಲಿಪೀನ್ಸ್ ದೇಶ 1999ರಲ್ಲಿ ಕಸ ಸುಡುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಹಳ್ಳಿಯೊಂದರ ನಿರ್ಣಯಕ್ಕೆ ಅಷ್ಟು ಬಲವಿಲ್ಲ. ಆದರೆ ನ್ಯಾಯಾಲಯದಲ್ಲಿ ದಿನಾಂಕವಿರುವ ನಡಾವಳಿಗೆ ತೂಕವಿದೆ.

ಆ ನಿರ್ಣಯದಲ್ಲಿ ತಡೆಯ ಮಾತಿನೊಡನೆ ಊರಿನ ಹೊಣೆಯೂ ಇರಬೇಕು. ಪಂಚಾಯತಿಯ ಸ್ವಚ್ಛ ಸಂಕೀರ್ಣಕ್ಕೆ ಬೀಗ ಬಿದ್ದಿದ್ದರೆ ತೆರೆಸಬೇಕು, ಕಸದ ವಾಹನ ನಡೆಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ಗೌರವಧನ ತಿಂಗಳು ತಪ್ಪದೆ ಸಂದಾಯವಾಗಬೇಕು. ಉಳಿಯುವ ಕಠಿಣ ಪ್ರಶ್ನೆ ನೈರ್ಮಲ್ಯ ಪ್ಯಾಡು, ಮಕ್ಕಳ ಡಯಾಪರುಗಳದು. ಇದಕ್ಕಾಗಿ ಶಾಲೆ, ವಸತಿನಿಲಯಗಳಲ್ಲಿ ಇಟ್ಟಿರುವ ಚಿಕ್ಕ ದಹನಯಂತ್ರಗಳಲ್ಲಿ ಬೇಕಾದ ಶಾಖ ಏರುತ್ತದೆಯೇ, ಅವುಗಳ ಹೊಗೆಕೊಳವೆ ಹೆಣ್ಣುಮಕ್ಕಳು ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. ತೊಳೆದು ಬಳಸುವ ಬಟ್ಟೆಯ ಪ್ಯಾಡುಗಳನ್ನು ಹೊಲಿಯಲು ಕೈಮಗ್ಗ, ಹೊಲಿಗೆಯಂತ್ರ ಬಲ್ಲ ಮಹಿಳೆಯರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ವಿದ್ಯಾರ್ಥಿಗಳು ತಮ್ಮ ವಸತಿನಿಲಯದ ಯಂತ್ರವನ್ನು ಒಮ್ಮೆ ಹೋಗಿ ನೋಡಲಿ, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಬೂದಿ ಎಲ್ಲಿಗೆ ಎಂದು ಕೇಳಿ ಬರೆದುಕೊಳ್ಳಲಿ. ಗ್ರಾಮ ಪಂಚಾಯತಿಗಳ ವಾರ್ಷಿಕ ಯೋಜನೆಯ ಅಭಿಯಾನ ಅಕ್ಟೋಬರ್ 2ರಿಂದ ಆರಂಭವಾಗುತ್ತದೆ. ಆ ಟಿಪ್ಪಣಿಯನ್ನು ಆಗಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ನಕಲು ಪಡೆದು ಇಟ್ಟುಕೊಳ್ಳಲಿ.